ಮಿಶ್ರಿ ಬಿಟ್ಟ ಮೇಲಿನ ಮುಂಜಾನೆ

ನಮ್ಮ ಶಾಲೆಯ ಶಿಕ್ಷಕಿಯರ ವಾಟ್ಸಾಪ್ ಗುಂಪಿನಲ್ಲಿ ದಿನಾ ಬೆಳಿಗ್ಗೆ ಯಾರಾದರೊಬ್ಬರು ಉಪದೇಶ ಕಳಿಸುತ್ತಾರೆ. ಬೇಗ ಏಳಿ, ಬಿಸಿನೀರು ಕುಡಿಯಿರಿ, ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕೂತುಕೊಳ್ಳಿ, ದಿನವೆಲ್ಲ ಚೆನ್ನಾಗಿರುತ್ತದೆ. ಕೆಳಗೊಂದು ಸೂರ್ಯಕಾಂತಿ ಹೂವು. ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ನನಗೂ ಒಂದು ಒಳ್ಳೆಯ ಬೆಳಗು ಇತ್ತು. ಅದನ್ನು ನನಗೆ ಕಟ್ಟಿಕೊಟ್ಟವರು ನನ್ನ ಅತ್ತೆ. ಕಟ್ಟಿದ್ದು ಮಾತ್ರ ತಂಬಾಕಿನ ಮೇಲೆ, ಮತ್ತು ಅದೇ ತಂಬಾಕು ಅವರನ್ನು ತಿಂದುಹಾಕಿತು.

ತುಕ್ಕಾನಟ್ಟಿಯಿಂದ ಮದುವೆಯಾಗಿ ಮೇಲವಂಕಿಗೆ ಬಂದ ಹೊಸದರಲ್ಲಿ ನನಗೆ ದವಡೆ ಹಲ್ಲಿನ ನೋವು ಶುರುವಾಯಿತು. ಹೊಸ ಸೊಸೆ, ಯಾರಿಗೆ ಹೇಳುವುದು? ಅತ್ತೆಯೇ ಮುಖ ನೋಡಿ ಕಂಡುಹಿಡಿದರು. ಹಿತ್ತಲ ಕಟ್ಟೆಗೆ ಕರೆದು, ಮುಲಾಮಿನ ಹಳೆಯ ಡಬ್ಬಿಯೊಂದರಿಂದ ಕರಿ ಪುಡಿಯನ್ನು ನನ್ನ ಎಡಗೈಗೆ ಹಾಕಿದರು. ಅದು ಮಿಶ್ರಿ. ತಂಬಾಕಿನ ಎಲೆಯನ್ನು ರೊಟ್ಟಿ ಹಂಚಿನ ಮೇಲೆ ಕರ್ರಗೆ ಹುರಿದು, ಕೈಯಲ್ಲಿ ತಿಕ್ಕಿ ಪುಡಿ ಮಾಡಿದ್ದು. ನಮ್ಮ ಕಡೆ ಎಷ್ಟೋ ಹೆಂಗಸರಿಗೆ ಅದನ್ನು ಹಲ್ಲಿಗೆ ತಿಕ್ಕದೆ ಬೆಳಗಾಗುವುದಿಲ್ಲ. ನಾನು ತಿಕ್ಕಿದೆನೋ ಇಲ್ಲವೋ, ತಲೆ ಗಿರ್ರನೆ ತಿರುಗಿ, ತೊಳೆದಿಟ್ಟ ಪಾತ್ರೆಗಳ ಮೇಲೆ ಬಿದ್ದೆ. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ನೋವು ಹೋಯಿತು, ಮಿಶ್ರಿ ಉಳಿಯಿತು.

ನಮ್ಮ ಅತ್ತೆ ಮೆತ್ತನೆಯ ಹೆಂಗಸಲ್ಲ. ನಾನು ಬಡಿದ ರೊಟ್ಟಿಯನ್ನು ಬೆಳಕಿಗೆ ಹಿಡಿದು ಎಲ್ಲಿ ದಪ್ಪ, ಎಲ್ಲಿ ತೆಳ್ಳಗೆ ಎಂದು ನೋಡುವವರು. ಪಗಾರ ತರುವ ಸೊಸೆಗೆ ರೊಟ್ಟಿ ಯಾಕೆ ಬರಬೇಕು ಎಂದು ಓಣಿಗೆಲ್ಲ ಕೇಳುವಂತೆ ಅನ್ನುವವರು. ನಾನೂ ಸುಮ್ಮನಿರುವವಳಲ್ಲ, ಮಾತಿಗೆ ಮಾತು ಕೊಡುತ್ತಿದ್ದೆ. ಆದರೆ ಕಸ ಗುಡಿಸಿ, ಅಂಗಳಕ್ಕೆ ನೀರು ಹಾಕಿ ಇಬ್ಬರೂ ಹಿತ್ತಲ ಕಟ್ಟೆಗೆ ಬಂದು ಕೂತೆವೆಂದರೆ ಜಗಳ ನಿಲ್ಲುತ್ತಿತ್ತು. ಬಾಯಿ ತುಂಬ ಮಿಶ್ರಿ ಇಟ್ಟುಕೊಂಡು ಯಾರು ಜಗಳ ಆಡುತ್ತಾರೆ?

ಮಾತಿಲ್ಲದಿದ್ದರೂ ನಾವು ಸುಮ್ಮನೆ ಇರುತ್ತಿರಲಿಲ್ಲ. ಅತ್ತೆ ಕೊಟ್ಟಿಗೆಯ ಕಡೆ ಗದ್ದ ಎತ್ತಿದರೆ ಎಮ್ಮೆಗೆ ಮೇವು ಹಾಕಿದೆಯಾ ಎಂದರ್ಥ. ಹುಬ್ಬು ಏರಿಸಿ ಒಳಮನೆಯತ್ತ ನೋಡಿದರೆ ತಮ್ಮ ಮಗ ಏನಾದರೂ ಅಂದನಾ ಎಂದು. ಅಂಗೈ ದುಂಡಗೆ ತಿರುಗಿಸಿದರೆ ರೊಟ್ಟಿ. ಬೆನ್ನ ಹಿಂದಿನ ಓಣಿಯ ಸುದ್ದಿಯನ್ನೆಲ್ಲ ಹೀಗೆ ಕಣ್ಣಲ್ಲೇ ಹೇಳಿ ಮುಗಿಸುತ್ತಿದ್ದೆವು. ನನ್ನ ಮೊದಲ ಬಸಿರು ನಿಲ್ಲದೆ ಹೋದಾಗ ಮನೆಗೆ ಬಂದವರೆಲ್ಲ ಏನೇನೋ ಕೇಳಿದರು. ಅತ್ತೆ ಏನೂ ಕೇಳಲಿಲ್ಲ. ಮಿಶ್ರಿ ಬಾಯಲ್ಲಿಟ್ಟುಕೊಂಡು, ನನ್ನ ಮೊಣಕಾಲ ಮೇಲೆ ಕೈ ಇಟ್ಟು, ಬಿಸಿಲು ಏರುವವರೆಗೂ ಕೂತರು. ಆ ಕೈಯ ಭಾರ ನನಗೆ ಈಗಲೂ ಗೊತ್ತು.

ಆಮೇಲೆ ಬಾಯಿ ಮುಕ್ಕಳಿಸಿ, ಬಸ್ಸು ಹಿಡಿದು ಮೂಡಲಗಿಗೆ ಹೋಗಿ ಮಕ್ಕಳಿಗೆ ತಂಬಾಕು ವಿಷ ಎಂದು ಪಾಠ ಹೇಳುತ್ತಿದ್ದೆ. ಪುರಾಣ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ.

ಅತ್ತೆಯ ಕೆನ್ನೆಯೊಳಗೆ ಹುಣ್ಣಾಯಿತು. ಬಾಯಿಯ ಯಾವ ನೋವಿಗೂ ನಮ್ಮಲ್ಲಿ ಔಷಧ ಒಂದೇ, ಮಿಶ್ರಿ. ಹುಣ್ಣು ಉರಿದಷ್ಟೂ ಅವರು ಅದರ ಮೇಲೆ ಹೆಚ್ಚು ಹೆಚ್ಚು ಒತ್ತಿದರು. ಬೆಳಗಾವಿಯ ಆಸ್ಪತ್ರೆಗೆ ಹೋಗುವ ಹೊತ್ತಿಗೆ ದವಡೆಯ ಒಂದು ಮಗ್ಗುಲನ್ನೂ ನಾಲಗೆಯ ಅರ್ಧವನ್ನೂ ತೆಗೆಯದೆ ಬೇರೆ ದಾರಿ ಇರಲಿಲ್ಲ. ಆಪರೇಶನ್ನಿನ ಹಿಂದಿನ ಸಂಜೆ ಎಲ್ಲರನ್ನೂ ಚಹಾಕ್ಕೆ ಕಳಿಸಿ, ನನ್ನನ್ನು ಮಂಚದ ಹತ್ತಿರ ಕರೆದರು.

“ನಾಳಿಂದ ನನಗ ಮಾತ ಬರತೈತೋ ಇಲ್ಲೋ. ಈಗ ಹೇಳತೇನಿ, ಇನ್ ಮ್ಯಾಲ ನೀ ಅದನ್ನ ಮುಟ್ಟಬ್ಯಾಡವಾ.”

ಅದೇ ಅವರು ಬಾಯಿಬಿಟ್ಟು ನನಗೆ ಹೇಳಿದ ಕೊನೆಯ ಮಾತು. ನಾನು ಹೂಂ ಎಂದು ತಲೆಯಾಡಿಸಿದೆ.

ಆಪರೇಶನ್ ಆದ ಮೇಲೆ ಅವರ ಬಾಯಿಂದ ಬರುತ್ತಿದ್ದುದು ಬರೀ ಉಸಿರಿನ ಸದ್ದು. ನರ್ಸಮ್ಮನಿಗೆ ತಿಳಿಯದು, ನನ್ನ ಗಂಡನಿಗೆ ತಿಳಿಯದು. ಕಣಗಲಾದಿಂದ ಬಂದ ನಾದಿನಿಯಂತೂ ಹೆತ್ತ ತಾಯಿ ಏನು ಕೇಳುತ್ತಿದ್ದಾಳೆಂದು ತಿಳಿಯದೆ ಕಂಗಾಲಾದಳು. ಅತ್ತೆ ಅಂಗೈ ದುಂಡಗೆ ತಿರುಗಿಸಿ ಬಾಗಿಲ ಕಡೆ ಗದ್ದ ಎತ್ತಿದರು. ನಾದಿನಿ ನನ್ನ ಮುಖ ನೋಡಿದಳು. ಅವ್ವ ಏನು ಅನ್ನುತ್ತಾಳೆಂದು ಮಗಳು ಸೊಸೆಯನ್ನು ಕೇಳಬೇಕಾಯಿತು. ರೊಟ್ಟಿ ತಿಂದೇ ಹೊರಡಬೇಕಂತೆ ಎಂದೆ. ಅವಳು ಮುಖ ಮುಚ್ಚಿಕೊಂಡು ಅತ್ತಳು. ನನಗೂ ಅಳು ಬಂತು, ಆದರೆ ಒಳಗೆಲ್ಲೋ ಹೆಮ್ಮೆಯೂ ಆಯಿತು. ಅವರ ಮಾತು ಈ ಲೋಕದಲ್ಲಿ ಗೊತ್ತಿದ್ದುದು ನನಗೊಬ್ಬಳಿಗೇ.

ಊರಿಗೆ ಬಂದ ಮೇಲೆ ಬೆಳಗು ಒಂದು ಶಿಕ್ಷೆಯಾಯಿತು. ಮಿಶ್ರಿ ಬಿಡುವುದು ಎಂದರೇನೆಂದು ಬಿಟ್ಟವರಿಗೇ ಗೊತ್ತು. ತಲೆ ಸಿಡಿಯುತ್ತಿತ್ತು, ಚಿಲ್ಲರೆಗಾಗಿ ಕಂಡಕ್ಟರನ ಮೇಲೆ ಹರಿಹಾಯುತ್ತಿದ್ದೆ. ಆದರೂ ಕಾಲುಗಳು ಹಿತ್ತಲ ಕಟ್ಟೆಗೇ ಎಳೆದುಕೊಂಡು ಹೋಗುತ್ತಿದ್ದವು. ಅತ್ತೆಯೂ ಗೋಡೆ ಹಿಡಿದುಕೊಂಡು ಬರುತ್ತಿದ್ದರು. ಇಬ್ಬರೂ ಬರಿಗೈಯಲ್ಲಿ ಕೂಡುತ್ತಿದ್ದೆವು. ಮಾಡುವುದಕ್ಕೆ ಏನೂ ಇರಲಿಲ್ಲ.

ಮಾಡುವ ಕೆಲಸವನ್ನು ಅವರೇ ಹುಡುಕಿದರು. ಒಂದು ದಿನ ಕೊಟ್ಟಿಗೆಯ ಮಾಡಿನ ಮೇಲೆ ಬಿಸಿಲು ಬಂದೊಡನೆ ನನ್ನ ಗದ್ದ ಹಿಡಿದು ಅತ್ತ ತಿರುಗಿಸಿದರು. ಬಾಯಿ ತೆರೆ ಎಂದು ಸನ್ನೆ ಮಾಡಿದರು. ತಮ್ಮ ಬಾಯನ್ನು ಡಾಕ್ಟರು ಹೇಗೆ ನೋಡುತ್ತಿದ್ದರೋ ಹಾಗೆಯೇ, ಬೆರಳಿನಿಂದ ನನ್ನ ಕೆನ್ನೆ ಎಳೆದು ಒಂದು ಮಗ್ಗುಲು ನೋಡಿದರು, ಇನ್ನೊಂದು ಮಗ್ಗುಲು ನೋಡಿದರು, ನಾಲಗೆ ಎತ್ತಿಸಿ ಕೆಳಗೆ ನೋಡಿದರು. ಆಮೇಲೆ ಕೆನ್ನೆಗೆ ಎರಡು ಸಲ ಮೆಲ್ಲಗೆ ತಟ್ಟಿದರು. ಏನೂ ಇಲ್ಲ, ಹೋಗು ಎಂದು. ಅಂದಿನಿಂದ ದಿನವೂ ಅದೇ. ಡಾಕ್ಟರಮ್ಮನವರ ಫೀ ಎಷ್ಟಾಯಿತು ಎಂದು ನಾನು ಕೆಣಕಿದರೆ ಅವರ ಭುಜ ಅಲುಗುತ್ತಿತ್ತು. ಅದು ಅವರ ನಗು.

ಅದಕ್ಕಿಂತ ಒಳ್ಳೆಯ ಬೆಳಗನ್ನು ನಾನು ಕಂಡಿಲ್ಲ. ಯಾರೋ ಒಬ್ಬರು ನಿನಗೆ ಏನೂ ಆಗಬಾರದು ಎಂದು ಬೆಳಕಿಗೆ ಹಿಡಿದು ನೋಡುತ್ತಾರೆ. ರೊಟ್ಟಿಯನ್ನು ನೋಡುತ್ತಿದ್ದ ಕಣ್ಣೇ ಅದು.

ಕಬ್ಬಿನ ಗಾಡಿಗಳು ಓಡಾಡುವ ಕಾಲಕ್ಕೆ ಕಾಯಿಲೆ ಕುತ್ತಿಗೆಗೆ ಇಳಿಯಿತು. ಕಟ್ಟೆಗೆ ಬರಲಾಗದಿದ್ದಾಗ ನಾನೇ ಅವರ ಮಂಚದ ಪಕ್ಕ, ಕಿಟಕಿಯ ಬೆಳಕಿಗೆ ಮೊಣಕಾಲೂರಿ ಬಾಯಿ ತೆರೆಯುತ್ತಿದ್ದೆ. ಸಾವು ಅವರಿಗೆ, ತಪಾಸಣೆ ನನಗೆ. ಕೊನೆಯ ದಿನವೂ ನೋಡಿದರು. ಬೆರಳಲ್ಲಿ ಬಲವಿರಲಿಲ್ಲ, ಆದರೂ ಎರಡು ಸಲ ತಟ್ಟಿದರು. ನಾನು ಬಸ್ಸು ಹಿಡಿದೆ. ಮಧ್ಯಾಹ್ನ ಶಾಲೆಗೆ ಫೋನು ಬಂತು.

ಅವರು ಹೋದ ಮೇಲೆ ನಾನು ಗುಂಪಿನವರ ಉಪದೇಶವನ್ನೂ ಮಾಡಿ ನೋಡಿದೆ. ಬಿಸಿನೀರು ಕುಡಿದೆ, ಕಣ್ಣು ಮುಚ್ಚಿ ಕೂತೆ. ಕಣ್ಣು ಮುಚ್ಚಿದರೆ ಅವರೇ ಕಾಣುತ್ತಿದ್ದರು. ಮೊನ್ನೆ ಹಿತ್ತಲ ಗೋಡೆಯ ಗೂಡಿನಲ್ಲಿ, ಹಳೆಯ ಬಟ್ಟೆಗಳ ಹಿಂದೆ ಆ ಡಬ್ಬಿ ಸಿಕ್ಕಿತು. ತಳದಲ್ಲಿ ಇನ್ನೂ ಪುಡಿ ಇತ್ತು. ಮುಚ್ಚಳ ತೆಗೆದೊಡನೆ ಅತ್ತೆಯ ಸೆರಗಿನ ವಾಸನೆ ಬಂತು. ಎಡಗೈಗೆ ಹಾಕಿಕೊಂಡು ಕಟ್ಟೆಯ ಮೇಲೆ ಕೂತೆ. ಮಾತು ಕೊಟ್ಟದ್ದು ನೆನಪಿರಲಿಲ್ಲ ಎನ್ನಲಾರೆ. ನೆನಪಿತ್ತು. ಅವರ ಜೊತೆ ಕೂತಂತಾಗುವುದಾದರೆ ವಿಷವಾದರೂ ಸರಿ ಅನ್ನಿಸಿತು.

ಅಷ್ಟರಲ್ಲಿ ಕೊಟ್ಟಿಗೆಯ ಮಾಡಿನ ಮೇಲೆ ಬಿಸಿಲು ಬಂತು. ನನಗೆ ಗೊತ್ತಾಗುವ ಮೊದಲೇ ನನ್ನ ಮುಖ ಅತ್ತ ತಿರುಗಿ ಬಾಯಿ ತೆರೆದುಕೊಂಡಿತು. ಹಾಗೇ ಕೂತೆ. ಬೆರಳು ಬರಲಿಲ್ಲ. ಅಂಗೈಯಲ್ಲಿದ್ದ ಪುಡಿಯನ್ನು ಮೋರಿಗೆ ಒದರಿ, ಡಬ್ಬಿಯನ್ನೂ ತೊಳೆದುಬಿಟ್ಟೆ. ಮತ್ತೆ ಬಂದು ಬಾಯಿ ತೆರೆದು ಕೂತೆ. ಕಣ್ಣೀರು ಬಾಯಿಗೇ ಇಳಿಯುತ್ತಿತ್ತು.

ಮುಖ ತೊಳೆಯಲು ಬಂದ ನನ್ನ ಗಂಡ ನೋಡಿ ಗಾಬರಿಯಾದರು. ಬಾಯಿ ಯಾಕೆ ತೆರೆದು ಕೂತಿದ್ದೀಯ ಎಂದರು.

“ಒಳಗ ಏನರ ಐತೇನ್ ನೋಡ್ರಿ.”

ಅವರು ಮೊಬೈಲಿನ ಬ್ಯಾಟರಿ ಹಚ್ಚಿ, ಬಗ್ಗಿ, ತಮಗೆ ತಿಳಿದಷ್ಟು ಎಚ್ಚರದಿಂದ ನೋಡಿದರು.

“ಏನೂ ಇಲ್ಲ. ಬೇಷ್ ಐತಿ.”

ಬ್ಯಾಟರಿ ಆರಿಸಿ ನಲ್ಲಿಯ ಕಡೆ ಹೋದರು. ಪಾಪ, ಆಮೇಲೆ ಏನು ಮಾಡಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ. ನಾನು ಕೆನ್ನೆಯನ್ನು ಮುಂದೆ ಮಾಡಿಕೊಂಡು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದೆ.