ಸಪ್ರೇಟು ಮೇಡಂ

ಒಂಬತ್ತನೇ ತರಗತಿಯ ಮಕ್ಕಳಿಗೆ ‘ಸೆಪರೇಟ್’ ಎಂಬ ಪದ ಅರ್ಥ ಮಾಡಿಸುವುದು ನನಗೆ ಬಲು ಸಲೀಸು. ಅಕ್ಕಿಯಿಂದ ಕಲ್ಲು ಆರಿಸಿ ತೆಗೆದರೆ ಅದು ಸೆಪರೇಟ್ ಮಾಡಿದ್ದು. ಚಿಕ್ಕಜಾಜೂರಿನಲ್ಲಿ ಒಂದು ರೈಲು ಹಳಿ ಚಿತ್ರದುರ್ಗದ ಕಡೆ ತಿರುಗಿದರೆ ಅದು ಸೆಪರೇಟ್ ಆಗಿದ್ದು. ಮಕ್ಕಳು ತಲೆಯಾಡಿಸಿ ಬರೆದುಕೊಳ್ಳುತ್ತಾರೆ. ನನ್ನನ್ನೇ ಉದಾಹರಣೆ ಕೊಟ್ಟರೆ ಪಾಠ ಇನ್ನೂ ಬೇಗ ಮುಗಿಯುತ್ತಿತ್ತು. ಹೇಗೂ ಅವರ ತಾಯಂದಿರ ಬಾಯಲ್ಲಿ ನನ್ನ ಹೆಸರೇ ‘ಸಪ್ರೇಟು ಮೇಡಂ’.

ಹೊಳಲ್ಕೆರೆಯಲ್ಲಿ ಬಾಡಿಗೆ ಮನೆ ಹುಡುಕುತ್ತಿದ್ದಾಗಲೇ ಈ ಪದದ ಬೆಲೆ ನನಗೆ ತಿಳಿದಿತ್ತು. ಮನೆಯೊಡತಿ ಉತ್ಸಾಹದಿಂದ ಎಲ್ಲ ತೋರಿಸಿದ್ದಳು. “ಕರೆಂಟ್ ಮೀಟ್ರು ಸಪ್ರೇಟ್ ಐತ್ರಿ, ನಲ್ಲಿ ಸಪ್ರೇಟ್ ಐತೆ, ಬಚ್ಚಲೂ ಸಪ್ರೇಟೇ. ಯಾರ ಕಾಟನೂ ಇಲ್ಲ. ನಿಮ್ಮ ಯಜಮಾನ್ರು ಏನ್ ಮಾಡ್ತಾರೆ?”

“ನಾವು ಸೆಪರೇಟ್ ಆಗಿದ್ದೀವಿ” ಎಂದೆ.

ಆಕೆಯ ಮುಖ ಸಣ್ಣಗಾಯಿತು. ಮನೆ ನಿನ್ನೆಯೇ ಬೇರೆಯವರಿಗೆ ಮಾತಾಗಿಬಿಟ್ಟಿದೆ, ಮರೆತೇಹೋಗಿತ್ತು ಎಂದಳು. ಮೀಟರು ಸಪ್ರೇಟಾದರೆ ಅನುಕೂಲ, ಹೆಂಗಸು ಸಪ್ರೇಟಾದರೆ ಅಪಶಕುನ. ಇನ್ನೆರಡು ಮನೆಗಳಲ್ಲೂ ಇದೇ ಆಯಿತು. ನಾಲ್ಕನೆಯ ಮನೆಯಲ್ಲಿ ‘ಯಜಮಾನರು ಹಿರಿಯೂರಲ್ಲಿ ಡ್ರೈವರು, ರಜಕ್ಕೆ ಬಂದು ಹೋಗ್ತಾರೆ’ ಎಂದು ಸುಳ್ಳು ಹೇಳಿ ಬೀಗದಕೈ ತೆಗೆದುಕೊಂಡೆ.

ಡ್ರೈವರು ಎಂಬುದು ಸುಳ್ಳಲ್ಲ. ನನ್ನ ಗಂಡನಾಗಿದ್ದವನು ಹಿರಿಯೂರಿನ ಒಂದು ಸರ್ಕಾರಿ ಕಚೇರಿಯ ಜೀಪು ಓಡಿಸುತ್ತಿದ್ದ. ಹೊರಕೆರೆದೇವಪುರದ ದೇವಸ್ಥಾನದಲ್ಲಿ ನಮ್ಮ ಮದುವೆ ಆಗಿತ್ತು. ಎರಡು ವರ್ಷಕ್ಕೆ ನನಗೆ ಹೊಳಲ್ಕೆರೆ ಹೈಸ್ಕೂಲಿನಲ್ಲಿ ಇಂಗ್ಲಿಷ್ ಶಿಕ್ಷಕಿಯ ಕೆಲಸ ಸಿಕ್ಕಿತು. ಅವನು ಬೇಡ ಎಂದ. ನಾನು ಹೋಗುತ್ತೇನೆ ಎಂದೆ. ಮತ್ತೆರಡು ವರ್ಷ ಸಹಶಿಕ್ಷಕಿಯೊಬ್ಬರ ಮನೆಯಲ್ಲಿ ಕೋಣೆ ಹಿಡಿದಿದ್ದು, ಶನಿವಾರ ಬಸ್ಸು ಹತ್ತಿ ಹೋಗಿ, ಭಾನುವಾರವೆಲ್ಲ ಅವನ ತಾಯಿಯ ಬೈಗುಳ ತಿಂದು, ಸೋಮವಾರ ಬೆಳಗ್ಗೆ ವಾಪಸಾಗುತ್ತಿದ್ದೆ. ಕೊನೆಗೆ ಹೊಸದುರ್ಗದ ಹತ್ತಿರದ ನಮ್ಮೂರಿನ ನ್ಯಾಯದ ಕಟ್ಟೆಗೆ ಹಿರಿಯರು ನಮ್ಮಿಬ್ಬರನ್ನೂ ಕರೆಸಿದರು.

ನಮ್ಮ ಜನರಲ್ಲಿ ಗಂಡ ಹೆಂಡತಿಯನ್ನು ಬಿಡಿಸುವುದಕ್ಕೆ ಕಾಗದ ಬೇಕಿರಲಿಲ್ಲ, ಒಂದು ಕಡ್ಡಿ ಸಾಕಿತ್ತು. ಹಿರಿಯ ಯಜಮಾನ ಬಾಯೊಳಗಿನ ಎಲೆಅಡಿಕೆ ಉಗಿದು ನನ್ನ ಕಡೆ ತಿರುಗಿದ.

“ನೌಕ್ರಿ ಬೇಕೋ ಗಂಡ ಬೇಕೋ? ಒಂದೇ ಮಾತ್ನಾಗೆ ಹೇಳವ್ವ.”

“ನೌಕರಿ.”

ಅಪ್ಪ ತಲೆ ತಗ್ಗಿಸಿದ. ಆ ಪ್ರಶ್ನೆಯನ್ನು ನನ್ನ ಗಂಡನಿಗೆ ಯಾರೂ ಕೇಳಲಿಲ್ಲ ಎಂಬುದು ನನಗೆ ಇವತ್ತಿಗೂ ಉರಿಯುತ್ತದೆ. ಯಜಮಾನ ಒಂದು ಬೇವಿನ ಕಡ್ಡಿ ತೆಗೆದುಕೊಂಡು ಲಟಕ್ಕನೆ ಮುರಿದ. ಅರ್ಧ ಅವನಿಗೆ ಕೊಟ್ಟ, ಅರ್ಧ ನನಗೆ ಕೊಟ್ಟ. “ಇವತ್ತಿಗೆ ನಿಮಗೆ ಬಿಡುಗಡೆ ಆತು. ಅವನ ದಾರಿ ಅವನಿಗೆ, ನಿನ್ನ ದಾರಿ ನಿನಗೆ” ಎಂದ. ನನ್ನ ಅರ್ಧವನ್ನು ನಾನು ವಾಪಸು ಬರುವಾಗ ಬಸ್ಸಿನ ಕಿಟಕಿಯಿಂದ ಎಸೆದೆ.

ಕೋರ್ಟಿನಲ್ಲೂ ಒಂದು ಆದೇಶ ಮಾಡಿಸಿಕೊಳ್ಳೋಣ ಎಂದು ಅಪ್ಪನಿಗೆ ಹೇಳಿದ್ದೆ. ಅಪ್ಪ ರೇಗಿದ. “ದುರ್ಗದ ಕೋರ್ಟ್ ಮೆಟ್ಲು ಹತ್ತಿ ಮಾನ ಕಳಿಬ್ಯಾಡ. ಹತ್ತು ಮಂದಿ ಮುಂದೆ ಕಡ್ಡಿ ಮುರ್ದೈತೆ, ಇನ್ನೇನ್ ಬೇಕು?” ಬಿ.ಎ. ಬಿ.ಎಡ್. ಮಾಡಿದ್ದವಳು ನಾನು, ಇನ್ನೇನು ಬೇಕು ಎಂಬುದು ನನಗೆ ಗೊತ್ತಿತ್ತು. ಆದರೂ ಸುಮ್ಮನಾದೆ. ವಕೀಲರ ಮುಂದೆ ಅದೇ ಕಥೆ ಇನ್ನೊಮ್ಮೆ ಬಿಚ್ಚಿಡುವುದಕ್ಕೆ ನನಗೂ ನಾಚಿಕೆಯಿತ್ತು. ಅಪ್ಪನ ಮೇಲೆ ಹೊರಿಸಿ ಕೈತೊಳೆದುಕೊಂಡೆ. ಅಲ್ಲಿಂದ ಮುಂದೆ ಯಾವ ಫಾರಂ ಬಂದರೂ ವೈವಾಹಿಕ ಸ್ಥಿತಿಯ ಮುಂದೆ ಮುದ್ದಾದ ಅಕ್ಷರದಲ್ಲಿ ‘ಸೆಪರೇಟೆಡ್’ ಎಂದು ಬರೆಯುತ್ತಾ ಬಂದೆ. ಹೀಗೆ ಇಪ್ಪತ್ತನಾಲ್ಕು ವರ್ಷ ಕಳೆಯಿತು.

ಅವನು ಸತ್ತ ಸುದ್ದಿ ನನಗೆ ಸ್ಟಾಫ್ ರೂಮಿನಲ್ಲಿ ಸಿಕ್ಕಿತು. ಹಿರಿಯೂರಿನಿಂದ ಓಡಾಡುವ ಸಹಶಿಕ್ಷಕಿಯೊಬ್ಬರು ಮೆಲ್ಲಗೆ ಪಕ್ಕಕ್ಕೆ ಬಂದು, ಎದೆನೋವಂತೆ, ಹದಿನೈದು ದಿನ ಆಯಿತಂತೆ ಎಂದರು. ಹೌದಾ ಎಂದು ಕೇಳಿ, ಎದುರಿಗಿದ್ದ ಉತ್ತರಪತ್ರಿಕೆಗಳ ಕಟ್ಟು ಪೂರ್ತಿ ತಿದ್ದಿ ಮುಗಿಸಿದೆ. ಅಳು ಬರಲಿಲ್ಲ. ಮರುದಿನ ಬೆಳಗ್ಗೆ ಕನ್ನಡಿಯ ಮುಂದೆ ನಿಂತು ದಿನಾ ಇಡುವುದಕ್ಕಿಂತ ದೊಡ್ಡದಾಗಿ ಕುಂಕುಮ ಇಟ್ಟುಕೊಂಡೆ. ಯಾರಾದರೂ ಕೇಳಲಿ ಎಂದು ಕಾದೆ. ಯಾರೂ ಕೇಳಲಿಲ್ಲ.

ಎರಡು ತಿಂಗಳ ಮೇಲೆ ಒಂದು ಭಾನುವಾರ ಅವರೆಕಾಯಿ ಸುಲಿಯುತ್ತಾ ಕೂತಿದ್ದೆ. ಒಬ್ಬ ಹೆಂಗಸು, ಜೊತೆಗೆ ಇಪ್ಪತ್ತೊಂದು ಇಪ್ಪತ್ತೆರಡರ ಹುಡುಗಿ ಬಾಗಿಲಿಗೆ ಬಂದರು. ಹೆಂಗಸಿನ ಕೈಯಲ್ಲಿ ಬಳೆ ಇರಲಿಲ್ಲ.

“ಅಕ್ಕಾ, ನಾವು ಹಿರಿಯೂರಿಂದ ಬಂದೀವಿ.”

ನಮ್ಮಲ್ಲಿ ಆಮೇಲೆ ಬಂದ ಹೆಂಡತಿ ಮೊದಲಿನವಳನ್ನು ಅಕ್ಕ ಎನ್ನುತ್ತಾಳೆ. ಆಕೆ ಯಾರೆಂದು ಬೇರೆ ಹೇಳಬೇಕಿರಲಿಲ್ಲ.

“ನಾನು ನಿನ್ನ ಅಕ್ಕ ಅಲ್ಲ” ಎಂದೆ.

“ತಪ್ಪಾತ್ರಿ ಮೇಡಂ” ಎಂದು ಹೊಸಿಲಾಚೆಗೇ ನಿಂತಳು. ಕೂರು ಎನ್ನಲು ನನಗೆ ಮನಸ್ಸು ಬರಲಿಲ್ಲ. ಕೊನೆಗೆ ಹುಡುಗಿಯ ಮುಖ ನೋಡಿ “ಒಳಗೆ ಬರ್ರಿ, ಕುಂತ್ಕಳ್ರಿ” ಎಂದೆ. ಹುಡುಗಿ ಥೇಟು ಅವನಂತೆಯೇ ಇದ್ದಳು.

ಮಾತಾಡಿದ್ದು ಹುಡುಗಿ. ಅಪ್ಪನ ಕೆಲಸ ಅನುಕಂಪದ ಮೇಲೆ ತನಗೆ ಸಿಗಬಹುದು. ಆದರೆ ಅಪ್ಪನ ಸೇವಾ ಪುಸ್ತಕದಲ್ಲಿ ಹೆಂಡತಿ ಎಂದು ಇರುವುದು ನನ್ನ ಹೆಸರು. ಕೋರ್ಟಿನ ವಿಚ್ಛೇದನ ಪತ್ರ ತನ್ನಿ, ಇಲ್ಲವಾದರೆ ಮೊದಲ ಹೆಂಡತಿಯ ಒಪ್ಪಿಗೆ ಪತ್ರ ತನ್ನಿ ಎಂದು ಕಚೇರಿಯವರು ಕೂತಿದ್ದಾರೆ. ಅರ್ಜಿ ಕೊಡಬೇಕಾದ ಗಡುವು ಹತ್ತಿರ ಬಂದಿದೆ.

“ಇಷ್ಟು ವರ್ಷ ಯಾಕೆ ಬದಲಾಯಿಸಲಿಲ್ಲ ನಿಮ್ಮಪ್ಪ?”

ತಾಯಿ ಹೇಳಿದಳು: “ಎರಡನೇ ಮದುವೆ ಅಂತ ಗೊತ್ತಾದ್ರೆ ನೌಕ್ರಿ ಹೋಗ್ತೈತೆ ಅಂತಿದ್ರು. ಕಡ್ಡಿ ಮುರ್ದೈತಲ್ಲ, ನೀನ್ಯಾಕೆ ಹೆದರ್ಕಂತೀಯ ಅಂತಿದ್ರು.”

ನೌಕರಿ ಬಿಡು ಎಂದು ನನ್ನನ್ನು ಕಟ್ಟೆಗೆ ಎಳೆದವನು ತನ್ನ ನೌಕರಿ ಉಳಿಸಿಕೊಳ್ಳಲು ನನ್ನ ಹೆಸರನ್ನು ಕೊನೆಯವರೆಗೂ ಹೆಂಡತಿಯ ಜಾಗದಲ್ಲಿ ಇಟ್ಟುಕೊಂಡಿದ್ದ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಸತ್ತವನ ಮೇಲೆ ಎಷ್ಟೆಂದು ಸಿಟ್ಟು ಮಾಡುವುದು? ಬದುಕಿರುವವಳು ಎದುರಿಗೇ ಕೂತಿದ್ದಳು. ಅವಳು ಚೀಲದಿಂದ ಬಟ್ಟೆಯ ಗಂಟೊಂದನ್ನು ತೆಗೆದು ಬಿಚ್ಚಿದಳು. ಒಳಗೆ ಬೆರಳುದ್ದದ ಬೇವಿನ ಕಡ್ಡಿ.

“ದೇವರ ಗೂಡ್ನಾಗೆ ಇಟ್ಕಂಡಿದ್ರು. ಇದ್ನೂ ತೋರಿಸ್ದೆ ಮೇಡಂ. ಆಫೀಸ್ನಾಗೆ ನಕ್ಕುಬಿಟ್ರು.”

ಹುಡುಗಿ ಛಾಪಾ ಕಾಗದ ಮುಂದಿಟ್ಟಳು. ಹಿರಿಯೂರಲ್ಲೇ ಯಾರಿಂದಲೋ ಬೆರಳಚ್ಚು ಮಾಡಿಸಿದ್ದರು. ‘ನಾನು ಮೃತರ ಮೊದಲ ಹೆಂಡತಿಯಾಗಿದ್ದು, ಸ್ವಇಚ್ಛೆಯಿಂದ ಪತಿಯನ್ನು ತೊರೆದು ಹೋಗಿರುತ್ತೇನೆ...’ ಅಲ್ಲಿಗೆ ಬಂದಿದ್ದೇ ತಡ, ಪಕ್ಕದಲ್ಲಿದ್ದ ಕೆಂಪು ಪೆನ್ನು ತೆಗೆದು ‘ತೊರೆದು ಹೋಗಿರುತ್ತೇನೆ’ಯನ್ನು ಗೀಚಿ ಹೊಡೆದು, ಮೇಲೆ ‘ಸುಳ್ಳು’ ಎಂದು ಬರೆದೆ. ಮೇಷ್ಟ್ರಗಿತ್ತಿಯ ಕೈ, ಯೋಚನೆಗಿಂತ ಮುಂಚೆ ಓಡುತ್ತದೆ.

ಹುಡುಗಿಯ ಕಣ್ಣು ತುಂಬಿತು. “ಕಾಟು ಹೊಡ್ದಿರೋದು ತಗಳಲ್ಲ ಮೇಡಂ.”

ಇನ್ನೊಬ್ಬಳ ಮಗಳ ಕಣ್ಣೀರಿಗೆ ನಾನೇಕೆ ಕರಗಬೇಕು ಎಂದುಕೊಂಡೆ. ಆದರೆ ಇಪ್ಪತ್ತೆಂಟರ ವಯಸ್ಸಿನಲ್ಲಿ ಕಟ್ಟೆಯ ಮೇಲೆ ನಾನು ಹಿಡಿದುಕೊಂಡಿದ್ದೂ ಇವಳು ಈಗ ಕೇಳುತ್ತಿದ್ದುದನ್ನೇ, ಒಂದು ನೌಕರಿಯನ್ನು. “ನಾಳೆ ರಜಾ ಹಾಕ್ತೀನಿ. ದುರ್ಗಕ್ಕೆ ಬರ್ರಿ, ಹೊಸದಾಗಿ ಮಾಡಿಸಾಣ” ಎಂದೆ.

ಅಪ್ಪ ಹತ್ತಬೇಡ ಎಂದಿದ್ದ ಚಿತ್ರದುರ್ಗದ ಕೋರ್ಟಿನ ಬಳಿಗೆ ಅಪ್ಪ ಸತ್ತ ಎಷ್ಟೋ ವರ್ಷದ ಮೇಲೆ ಹೀಗೆ ಹೋದೆ. ಎದುರಿನ ತಗಡಿನ ಶೆಡ್ಡಿನಲ್ಲಿ ಟೈಪಿಸ್ಟು ಕಂಪ್ಯೂಟರಿನ ಮುಂದೆ ಕೂತಿದ್ದ. ನಾನೇ ಒಂದೊಂದು ವಾಕ್ಯ ಹೇಳಿ ಬರೆಸಿದೆ. ‘ಹಿರಿಯರ ಸಮಕ್ಷಮ ಬೇರೆಯಾಗಿರುತ್ತೇವೆ’ ಎಂಬಲ್ಲಿ ಅವನು ಕೈ ನಿಲ್ಲಿಸಿದ.

“ಡೈವೋರ್ಸ್ ಆರ್ಡರ್ ಐತಾ ಮೇಡಂ?”

“ಇಲ್ಲ. ಕಡ್ಡಿ ಮುರಿದಿದ್ದು. ಸೆಪರೇಟೆಡ್ ಅಂತ ಹಾಕ್ರಿ.”

“ಕಡ್ಡಿನ ಎಲ್ಲಿ ಅಂಟಿಸ್ಲಿ ಮೇಡಂ?” ಅವನು ಕುಹಕಕ್ಕೆ ಹೇಳಲಿಲ್ಲ, ಬೆಳಗ್ಗಿಂದ ಸಂಜೆಯವರೆಗೆ ಇಂಥವನ್ನೇ ನೋಡುವವನು. “ಆರ್ಡರ್ ಇಲ್ದಿದ್ರೆ ನೀವು ಹೆಂಡ್ತಿನೇ. ಅವ್ರು ತೀರ್ಕಂಡಿರೋದ್ರಿಂದ ಈಗ ವಿಧವೆ. ಹಂಗೆ ಇದ್ರೇನೇ ನಿಮ್ ಒಪ್ಪಿಗೆಗೆ ಬೆಲೆ. ಇಲ್ಲಾಂದ್ರೆ ಈ ಹುಡುಗಿಗೆ ಏನೂ ಆಗಲ್ಲ.”

ನನಗೆ ಕಾಗದ ಕಿತ್ತೆಸೆದು ಎದ್ದುಬಿಡಬೇಕು ಎನ್ನಿಸಿತು. ಮನೆ ಸಿಗದಿದ್ದರೂ, ಮದುವೆ ಮನೆಗಳಲ್ಲಿ ಹಿಂದಿನ ಸಾಲಿನಲ್ಲಿ ಕೂತರೂ ಯಾವ ಕಾಗದದಲ್ಲೂ ನಾನು ಬಿಟ್ಟುಕೊಡದ ಪದ ‘ಸೆಪರೇಟೆಡ್’ ಒಂದೇ. ಹುಡುಗಿ ಎರಡೂ ಕೈಯಲ್ಲಿ ಫೈಲು ಅವುಚಿಕೊಂಡು ನನ್ನನ್ನೇ ನೋಡುತ್ತಿದ್ದಳು.

“ವಿಧವೆ ಅಂತಲೇ ಹಾಕ್ರಿ” ಎಂದೆ.

ಹಣೆಯಲ್ಲಿ ಕಾಸಗಲ ಕುಂಕುಮ, ಕೈತುಂಬ ಹಸಿರು ಬಳೆ ಇದ್ದ ಹಾಗೆಯೇ ಸಹಿ ಹಾಕಿದೆ. ಟೈಪಿಸ್ಟು ನನ್ನ ಕೈ ನೋಡಿದ, ಪಕ್ಕದಲ್ಲಿದ್ದವಳ ಬೋಳು ಕೈ ನೋಡಿದ. ಸಾಕ್ಷಿಗೆ ಆಕೆಯ ಸಹಿಯೂ ಇರಲಿ ಎಂದು ಕಾಗದವನ್ನು ಅವಳ ಕಡೆ ತಳ್ಳಿ, ಹೆಸರಿನ ಕೆಳಗೆ ಮೃತರಿಗೆ ಏನಾಗಬೇಕು ಎಂದು ಬರೆಯಿರಿ ಎಂದ.

ಇಪ್ಪತ್ತಮೂರು ವರ್ಷ ಅವನಿಗೆ ಮುದ್ದೆ ಬೇಯಿಸಿದವಳು, ಹೆಣದ ಪಕ್ಕ ಕೂತು ಬಳೆ ಒಡೆಸಿಕೊಂಡವಳು, ಪೆನ್ನು ಹಿಡಿದು ನನ್ನ ಕಡೆ ತಿರುಗಿದಳು.

“ಅಕ್ಕಾ, ನಾನು ಏನಾಗ್ಬೇಕು ಅಂತ ಬರೀಲಿ?”

ಈ ಸಲ ಅಕ್ಕ ಎಂದಿದ್ದಕ್ಕೆ ನಾನು ಬೈಯಲಿಲ್ಲ. ಇಪ್ಪತ್ತಾರು ವರ್ಷದಿಂದ ಮಕ್ಕಳು ಕೇಳಿದ ಪದಕ್ಕೆಲ್ಲ ಅರ್ಥ ಹೇಳಿದವಳು, ಅವಳಿಗೆ ಒಂದು ಪದವನ್ನೂ ಹೇಳಲಾಗದೆ ಕೂತೇ ಇದ್ದೆ.