ಕಡೀಗೆ ಯಾರು ಉಂಡ್ರು?

ನನ್ನ ಮೂರು ಹೊಸ ಪುಸ್ತಕಗಳು ಮೊನ್ನೆ ಹೊಸಪೇಟೆಯಲ್ಲಿ ಒಂದೇ ದಿನ ಬಿಡುಗಡೆಯಾದವು. ಆಹ್ವಾನ ಪತ್ರಿಕೆಯಲ್ಲಿ 'ಲೇಖಕಿಯಿಂದಲೇ ಕೃತಿ ಪರಿಚಯ' ಎಂದು ಅಚ್ಚು ಹಾಕಿಸಿದ್ದರು. ನನ್ನನ್ನು ಒಂದು ಮಾತು ಕೇಳಿರಲಿಲ್ಲ. ಪ್ರಕಾಶಕರಿಗೆ ಫೋನ್ ಮಾಡಿ ರೇಗಿದೆ. ನಾನು ಮಾಡಿದ ಅಡುಗೆಯನ್ನು ನಾನೇ ಬಡಿಸಿ, ನಾನೇ "ಆಹಾ, ಏನು ರುಚಿ" ಅನ್ನಬೇಕೇನ್ರೀ ಎಂದೆ. ಅವರು ನಕ್ಕರು. "ಸಿಟ್ಟಾಗಬ್ಯಾಡ್ರಿ ಮೇಡಂ. ಒಂದು ಕಥಿ ಪುಸ್ತಕ, ಒಂದು ಮಕ್ಕಳ ನಾಟಕ, ಒಂದು ಪ್ರಬಂಧ. ಮೂರೂ ಬ್ಯಾರೆ ಬ್ಯಾರೆ ಪ್ರಕಾರ ಅದಾವು. ಒಂದೊಂದಕ್ಕ ಐದು ನಿಮಿಷ ಮಾತಾಡ್ರಿ, ಸಾಕು."

ಎರಡು ಪುಸ್ತಕಗಳ ಬಗ್ಗೆ ಮಾತಾಡಿದೆ. ಮೂರನೆಯದನ್ನು ಕೈಗೆತ್ತಿಕೊಂಡು ನಿಂತೆ. "ಇದನ್ನು ನೀವೇ ಓದಿಕೊಳ್ಳಿ" ಎಂದು ಹೇಳಿ ಕೂತುಬಿಟ್ಟೆ. ಜನ ಚಪ್ಪಾಳೆ ತಟ್ಟಿದರು. ವಿನಯ ಅಂದುಕೊಂಡರೋ ಏನೋ. ವಿನಯವೂ ಇಲ್ಲ, ಮಣ್ಣೂ ಇಲ್ಲ. ಅಲ್ಲಿ ಆಡಲಾರದೆ ಹೋದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನನಗೊಬ್ಬಳು ಅಕ್ಕ ಇದ್ದಳು, ಕಂಪ್ಲಿಯಲ್ಲಿ. ನಾವು ಚಿಕ್ಕವರಿದ್ದಾಗಲೇ ಅವ್ವ ತೀರಿಕೊಂಡದ್ದರಿಂದ ನನ್ನ ತಲೆಗೆ ಎಣ್ಣೆ ಒತ್ತಿ, ಬಿಗಿಯಾಗಿ ಜಡೆ ಹೆಣೆದು ಶಾಲೆಗೆ ಅಟ್ಟುತ್ತಿದ್ದವಳು ಅವಳೇ. ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದ ಭಾವನನ್ನು ಮದುವೆಯಾಗಿ ಹೋದ ಮೇಲೂ ನಾನು ಅವಳಿಗೆ ಹುಡುಗಿಯೇ. ಹೊಸಪೇಟೆಯ ಕಾಲೇಜಿನಲ್ಲಿ ಪಾಠ ಮಾಡಿ, ನಿವೃತ್ತಿಯಾಗಿ, ತಲೆಯೆಲ್ಲ ಬೆಳ್ಳಗಾದರೂ "ಏ ಹುಡುಗಿ, ಚಪ್ಲಿ ಹೊರಗ ಬಿಡು" ಎಂದೇ ಸ್ವಾಗತ. ಪ್ರತಿ ಭಾನುವಾರ ಕಮಲಾಪುರದ ಮೇಲೆ ಹೋಗುವ ಬಸ್ಸು ಹತ್ತಿ ಅವಳ ಮನೆಗೆ ಹೋಗುತ್ತಿದ್ದೆ. ಅವಳು ಪಡಸಾಲೆಯಲ್ಲಿ ಕಾಲು ಚಾಚಿ ಕೂತು, ಹಳೇ ಸೀರೆಗಳನ್ನು ಪದರು ಪದರಾಗಿ ಹಾಸಿ ಕೌದಿ ಹೊಲಿಯುವಳು. ನಾನು ಆ ವಾರ ಬರೆದದ್ದನ್ನು ಓದುವೆ. ಅವಳ ಕಿವಿಗೆ ಬೀಳದೆ ನನ್ನದೊಂದು ಸಾಲೂ ಅಚ್ಚಿಗೆ ಹೋದದ್ದಿಲ್ಲ.

ಒಳ್ಳೆಯ ಕೇಳುಗಿ ಅಂತೇನೂ ಅಲ್ಲ, ಸುಳ್ಳು ಯಾಕೆ ಹೇಳಲಿ. ವರ್ಣನೆ ಉದ್ದವಾದರೆ ಆಕಳಿಸುವಳು. "ಆತು, ಗುಡ್ಡ ಬಂತು, ಹೊಳಿ ಬಂತು. ಮುಂದ?" ಎನ್ನುವಳು. ನಾನು ಕಷ್ಟಪಟ್ಟು ಅಗಲಿಸಿದ ಗಂಡಹೆಂಡಿರನ್ನು ಒಂದೇ ಮಾತಿನಲ್ಲಿ ಕೂಡಿಸು ಎನ್ನುವಳು. ಅದಕ್ಕೆಲ್ಲ ನಾನು ಸೊಪ್ಪು ಹಾಕುತ್ತಿರಲಿಲ್ಲ. ಆದರೆ ಒಂದು ವಿಷಯದಲ್ಲಿ ಮಾತ್ರ ಅವಳು ಹಿಡಿದ ಹಟ ಬಿಟ್ಟವಳಲ್ಲ. ಅದು ಕೌದಿಯ ಪದ್ಧತಿ.

ನಮ್ಮ ಮನೆತನದ ಹೆಂಗಸರು ಕೌದಿಯನ್ನು ಹೊಲಿದು ಹೊಲಿದು ಕೊನೆಗೆ ಒಂದು ಮೂಲೆಯನ್ನು ಬಾಯಿ ತೆರೆದಂತೆ ಬಿಡುತ್ತಾರೆ. ಅದರೊಳಗೆ ಒಂದು ಚೂರು ರೊಟ್ಟಿ ಇಟ್ಟು, ಆಮೇಲೆ ಬಾಯಿ ಹೊಲಿಯುತ್ತಾರೆ. ಅದಕ್ಕೆ ಕೌದಿಯ ಹೊಟ್ಟೆ ತುಂಬಿಸುವುದು ಅನ್ನುತ್ತಾರೆ. ಹಸಿದ ಕೌದಿ ಹೊದ್ದವರಿಗೆ ನಿದ್ದೆ ಹತ್ತುವುದಿಲ್ಲವಂತೆ. "ಇಲಿ ಬರ್ತಾವಲ್ಲ ಅಕ್ಕ" ಎಂದು ಒಮ್ಮೆ ಕಾಡಿಸಿದ್ದೆ. "ಬರ್ಲಿ ಬಿಡು, ಅವೂ ಉಣ್ಲಿ" ಎಂದಿದ್ದಳು.

ಈ ಶಾಸ್ತ್ರವನ್ನು ಅವಳು ನನ್ನ ಪುಸ್ತಕಗಳಿಗೂ ಹಚ್ಚಿದಳು. ನಾನು ಕೊನೆಯ ಹಾಳೆ ಓದಿ ಕನ್ನಡಕ ತೆಗೆದರೆ ಸಾಕು, ಸೂಜಿ ನಿಲ್ಲಿಸಿ ಕೇಳುವಳು: "ಕಡೀಗೆ ಯಾರು ಉಂಡ್ರು?" ಯಾರೂ ಉಂಡಿಲ್ಲ ಎಂದರೆ ಮುಗಿಯಿತು. ಪುಸ್ತಕ ಹಸಿದೈತಿ, ಹಂಗ ಕಳಿಸಬ್ಯಾಡ ಎನ್ನುವಳು. ಹಾಗಾಗಿ ನನ್ನ ಎಲ್ಲ ಪುಸ್ತಕಗಳ ಕೊನೆಯ ಪುಟದಲ್ಲೂ ಯಾರಾದರೊಬ್ಬರು ಏನಾದರೂ ಉಣ್ಣುತ್ತಾರೆ. ವಿಮರ್ಶಕರೊಬ್ಬರು ಅದನ್ನು ನನ್ನ ಜೀವನದೃಷ್ಟಿ ಎಂದು ಬರೆದಿದ್ದರು. ಅಕ್ಕನಿಗೆ ಓದಿ ಹೇಳಿದಾಗ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು.

ಕಥೆಗಳ ಪುಸ್ತಕವನ್ನು ಅವಳು ಪೂರ್ತಿ ಕೇಳಿದಳು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಶಿಫ್ಟಿಗೆ ಹೋಗುವ ಬಸ್ಸುಗಳಲ್ಲಿ ಕಂಡ ಮುಖಗಳೇ ಆ ಕಥೆಗಳು. ಕೊನೆಯ ಕಥೆಯಲ್ಲಿ ಗುತ್ತಿಗೆ ಕೆಲಸದ ಹೆಂಗಸೊಬ್ಬಳು, ಕೆಲಸದಿಂದ ತೆಗೆದಿದ್ದಾರೆಂದು ಗೊತ್ತಾಗಿ, ಖಾಲಿ ಬಸ್ಸಿನಲ್ಲಿ ಕಿಟಕಿಯಾಚೆ ನೋಡುತ್ತ ಕೂರುತ್ತಾಳೆ. ನಾನು ಅಲ್ಲಿಗೇ ನಿಲ್ಲಿಸಿದ್ದೆ. "ಪಾಪ, ಮುಂಜಾನಿಂದ ಉಂಡಿಲ್ಲ ಆಕಿ. ಡಬ್ಬಿ ಬಿಚ್ಚಾಕ ಹೇಳು" ಎಂದಳು ಅಕ್ಕ. ಬಿಚ್ಚಿಸಿದೆ. ಹಂಪಿಯ ಕೋತಿಗಳ ಮೇಲೆ ಬರೆದ ಮಕ್ಕಳ ನಾಟಕಕ್ಕೂ ಅದೇ ತಕರಾರು. ಪ್ರವಾಸಿಗರ ಬಾಳೆಹಣ್ಣು ಕಿತ್ತುಕೊಂಡು ಓಡಿದ ಮರಿಕೋತಿಯನ್ನು ನಾನು ನೀತಿಗಾಗಿ ಹಣ್ಣು ವಾಪಸ್ಸು ಕೊಡುವಂತೆ ಮಾಡಿದ್ದೆ. ಅಕ್ಕ ಸಿಡುಕಿದಳು. "ಕೋತಿಗೆ ಏನು ಬುದ್ಧಿ ಹೇಳ್ತಿಯಲೇ, ಮೇಷ್ಟ್ರಮ್ಮ? ತಿನ್ಲಿ ಬಿಡು." ಈಗ ಅದು ತಿನ್ನುತ್ತದೆ. ಇಷ್ಟನ್ನೂ ನಾನು ವೇದಿಕೆಯ ಮೇಲೆ ಹೇಳಿದೆ. ಜನ ನಕ್ಕರು.

ಮೂರನೆಯದು ಪ್ರಬಂಧಗಳ ಪುಸ್ತಕ. ನಾವಿಬ್ಬರೂ ಸೇರಿ ಅಡ್ಡಾಡಿದ ಜಾಗಗಳದ್ದು. ಹಂಪಿಯ ಬಂಡೆಯ ನೆರಳಲ್ಲಿ ಅವಳು ಗೊರಕೆ ಹೊಡೆದದ್ದು, ಮಲಪನಗುಡಿಯ ಹಳೇ ಬಾವಿಯ ಮೆಟ್ಟಿಲ ಮೇಲೆ ಕೂತು ಮಂಡಿ ನೋವೆಂದು ಬೈದುಕೊಂಡದ್ದು, ಮಳೆಗಾಲದ ಒಂದು ದಿನ ಸಂಡೂರಿನ ಗುಡ್ಡದಲ್ಲಿ ನೆನೆದು ತೊಪ್ಪೆಯಾಗಿ, ಮರದಡಿ ಬುತ್ತಿ ಬಿಚ್ಚಿ ಜೋಳದ ರೊಟ್ಟಿ ಪುಂಡಿಪಲ್ಯ ಉಂಡದ್ದು. ಆ ಬುತ್ತಿಯ ಊಟವೇ ಪುಸ್ತಕದ ಕೊನೆಯ ಪುಟ. ಈ ಸಲ ಅವಳು ಕೇಳುವ ಮೊದಲೇ ಹೊಟ್ಟೆ ತುಂಬಿಸಿದ್ದೇನೆ ಎಂದು ಬೀಗಿದ್ದೆ.

ಅಷ್ಟರಲ್ಲಿ ಅಕ್ಕನಿಗೆ ಅನ್ನನಾಳದ ಕ್ಯಾನ್ಸರ್ ಬಂತು. ಮೊದಲು ರೊಟ್ಟಿ ಇಳಿಯಲಿಲ್ಲ, ಆಮೇಲೆ ಅನ್ನ, ಆಮೇಲೆ ಗಂಜಿ. ಬಳ್ಳಾರಿಗೆ ಒಯ್ದು ತೋರಿಸಿ, ಇನ್ನು ಮನೆಯಲ್ಲಿಟ್ಟುಕೊಳ್ಳಿ ಎಂದು ಡಾಕ್ಟರು ಕಳಿಸಿದ ಮೇಲೆ, ಹೊಟ್ಟೆಗೆ ಹಾಕಿದ ನಳಿಕೆಯಲ್ಲಿ ಅವಳ ಸೊಸೆ ಹಾಲು ಹೊಯ್ಯುತ್ತಿದ್ದಳು. ಊರಿಗೆಲ್ಲ ಉಣ್ಣಲಿಕ್ಕೆ ಹೇಳುತ್ತಿದ್ದ ಬಾಯಿ ಅದು. ದೇವರ ಮೇಲೆ ನನಗೆ ಹುಟ್ಟಿದ ಸಿಟ್ಟು ಇನ್ನೂ ಇಳಿದಿಲ್ಲ, ಇಳಿಯುವುದೂ ಬೇಡ.

ಆದರೂ ಅವಳ ಕೈಗೆ ಸೂಜಿ ಬೇಕಿತ್ತು. ನನ್ನ ಹಳೇ ಸೀರೆಗಳನ್ನೇ ತರಿಸಿಕೊಂಡು ನನಗೊಂದು ಕೌದಿ ಹಿಡಿದಿದ್ದಳು. ನಾನು ಪಕ್ಕದಲ್ಲಿ ಕೂತು ಪ್ರಬಂಧಗಳನ್ನು ಓದಿದೆ. ಸಂಡೂರಿನ ಪುಟ ಬರುವ ದಿನ ಬಸ್ಸಿನಲ್ಲೇ ಆ ಹಾಳೆಯನ್ನು ತೆಗೆದು ಚೀಲದ ತಳಕ್ಕೆ ಹಾಕಿದೆ. ನುಂಗಲಾರದವಳ ಮುಂದೆ ಪುಂಡಿಪಲ್ಯದ ವಾಸನೆ ಹೇಗೆ ಓದಲಿ? ಮಲಪನಗುಡಿಯ ಮೆಟ್ಟಿಲಿಗೇ ನಿಲ್ಲಿಸಿ ಕನ್ನಡಕ ತೆಗೆದೆ.

"ಕಡೀಗೆ ಯಾರು ಉಂಡ್ರು?" ದನಿ ಒಡೆದಿತ್ತು, ಆದರೂ ಕೇಳಿದಳು.

"ಇದರಾಗ ಊಟ ಬರಲ್ಲ ಅಕ್ಕ."

"ಯಾಕ ಬರಲ್ಲ? ಸಂಡೂರಿನ ಗುಡ್ಡದಾಗ ಬುತ್ತಿ ಉಂಡಿದ್ವಲ್ಲ, ಅದೆಲ್ಲಿ ಹೋತು?"

ನಾನು ತಲೆ ತಗ್ಗಿಸಿದೆ. ಅವಳಿಗೆ ತಿಳಿಯಿತು. ಅಷ್ಟು ಸಿಟ್ಟಾದದ್ದನ್ನು ನಾನು ನೋಡಿರಲಿಲ್ಲ. ಸೊಸೆಯನ್ನು ಕೂಗಿ, ರೊಟ್ಟಿ ಬಡಿ, ಪುಂಡಿಪಲ್ಯ ಮಾಡು ಎಂದಳು. ಸೊಸೆ ನನ್ನ ಮುಖ ನೋಡಿದಳು, ನಾನು ಬೇಡವೆಂದು ತಲೆಯಾಡಿಸಿದೆ. "ಆಕಿ ಮಕ ಏನು ನೋಡ್ತಿ? ನಾ ಹೇಳಿದ್ದು ಮಾಡು" ಎಂದು ಗದರಿದಳು.

ತಟ್ಟೆ ಬಂತು. ಅಕ್ಕ ದಿಂಬಿಗೆ ಒರಗಿ ನನ್ನೆದುರಿಗೆ ಕೂತಳು. "ಉಣ್ಣು. ನಾ ನೋಡ್ತೀನಿ" ಎಂದಳು. ನಾನು ಉಂಡೆ. ಒಂದೊಂದು ತುತ್ತೂ ಕಲ್ಲಿನ ಹಾಗೆ ಇಳಿಯಿತು. ಕಣ್ಣೀರು ಪಲ್ಯಕ್ಕೆ ಬಿತ್ತು. ನನ್ನ ಬಾಯಿ ಆಡಿದ ಹಾಗೆ ಅವಳ ಬಾಯಿಯೂ ಸಣ್ಣಗೆ ಆಡುತ್ತಿತ್ತು. ನಡುವೆ ಕೈ ಚಾಚಿ ತಟ್ಟೆಯಿಂದ ಒಂದು ಚೂರು ರೊಟ್ಟಿ ಮುರಿದು ಮುಷ್ಟಿಯಲ್ಲಿ ಹಿಡಿದಳು. "ಬ್ಯಾಡ ಅಕ್ಕ, ಗಂಟಲಾಗ ಸಿಕ್ಕೀತು" ಎಂದೆ.

"ನಾನೇನು ತಿನ್ನಾಂಗಿಲ್ಲ. ನಿನ್ನ ಊಟ ನೀ ನೋಡ್ಕೊ."

ತಟ್ಟೆ ಖಾಲಿಯಾದ ಮೇಲೆ, "ಈಗ ಬರಿ" ಎಂದು ಕಣ್ಣು ಮುಚ್ಚಿದಳು.

ಮುಂದಿನ ಭಾನುವಾರ ನಾನು ಬಸ್ಸು ಹತ್ತುವ ಮೊದಲೇ ಫೋನು ಬಂತು. ಮಣ್ಣು ಮಾಡಿದೆವು. ಶಿವಗಣಾರಾಧನೆಯೂ ಮುಗಿಯಿತು. ಬಂದವರೆಲ್ಲ ಉಂಡರು, ನಾನು ಎಲೆಯ ಮುಂದೆ ಕೂತು ಎದ್ದೆ. ಚೀಲದ ತಳದ ಹಾಳೆಯನ್ನು ತೆಗೆದು ಪುಸ್ತಕಕ್ಕೆ ಸೇರಿಸಲು ಎಷ್ಟು ಸಲ ಕೂತೆನೋ. ಇಬ್ಬರು ಮರದಡಿ ಉಣ್ಣುತ್ತಾರೆ ಎಂಬ ಸಾಲು ಬಂದ ಕೂಡಲೇ ಆ ಆಡುವ ಖಾಲಿ ಬಾಯಿ ಕಣ್ಣೆದುರಿಗೆ ಬರುತ್ತಿತ್ತು. ಪ್ರಕಾಶಕರು ಅವಸರ ಮಾಡಿದರು. ಪುಸ್ತಕ ಮೆಟ್ಟಿಲಿಗೇ ನಿಂತು ಅಚ್ಚಾಯಿತು. ನನ್ನ ಪುಸ್ತಕಗಳಲ್ಲಿ ಹಸಿದು ಹೊರಗೆ ಬಿದ್ದದ್ದು ಇದೊಂದೇ. ಅದೂ ಅವಳ ಪುಸ್ತಕವೇ.

ಬಿಡುಗಡೆಯ ಮರುದಿನ ಮೂರೂ ಪುಸ್ತಕ ಹಿಡಿದು ಕಂಪ್ಲಿಗೆ ಹೋದೆ. ಅಕ್ಕನ ಫೋಟೋದ ಮುಂದೆ ಇಟ್ಟೆ. ಸೊಸೆ ಒಳಗಿಂದ ಕೌದಿ ತಂದು ನನ್ನ ತೊಡೆಯ ಮೇಲೆ ಹಾಕಿದಳು.

"ಅತ್ತಿ ಹೊಲದಿದ್ದು. ಒಂದು ಮೂಲಿ ಉಳದೈತಿ ನೋಡ್ರಿ ಸಣ್ಣತ್ತಿ. ಕೈ ನಡುಗಿ ಆಗ್ಲಿಲ್ಲ ಅವರಿಗೆ. ನನಗ ಮುಟ್ಟಗೊಡ್ಲಿಲ್ಲ. ಆಕಿನೇ ಬಂದು ಹೊಲೀಲಿ ಅಂದ್ರು."

ಸೂಜಿ ಇನ್ನೂ ಅಲ್ಲೇ ಚುಚ್ಚಿಕೊಂಡಿತ್ತು. ಹೊಟ್ಟೆ ತುಂಬಿಸಬೇಕಲ್ಲ, ಒಂದು ಚೂರು ರೊಟ್ಟಿ ಕೊಡವ್ವ ಎಂದು ಕೇಳಿ, ತೆರೆದ ಮೂಲೆಯೊಳಗೆ ಬೆರಳು ಹಾಕಿದೆ. ಏನೋ ಗಟ್ಟಿಯಾಗಿ ತಗುಲಿತು. ಹೊರಗೆ ತೆಗೆದೆ. ಒಣಗಿದ ಜೋಳದ ರೊಟ್ಟಿಯ ಚೂರು. ಅದರ ಅಂಚಿಗೆ ಪುಂಡಿಪಲ್ಯ ಕಪ್ಪಾಗಿ ಅಂಟಿತ್ತು.

ನನ್ನ ತಟ್ಟೆಯದೇ. ಅಂದು ಮುಷ್ಟಿಯಲ್ಲಿ ಹಿಡಿದದ್ದು.

ಜೋರಾಗಿ ಅತ್ತುಬಿಟ್ಟೆ. ಸೊಸೆಯೂ ಬಂದು ಪಕ್ಕದಲ್ಲಿ ಕೂತು ಅತ್ತಳು. ಆಮೇಲೆ ಆ ಚೂರನ್ನು ಇದ್ದಲ್ಲೇ ಇಟ್ಟು, ಕನ್ನಡಕ ಒರೆಸಿಕೊಂಡು ಸೂಜಿ ಹಿಡಿದೆ. ನನಗೆ ಹೊಲಿಗೆ ಬರುವುದಿಲ್ಲ. ಅಕ್ಕನ ಹೊಲಿಗೆ ಜೋಳದ ಸಾಲಿನಂತೆ ನೇರ, ನನ್ನದು ಅಡ್ಡಾದಿಡ್ಡಿ. ಹೇಗೋ ಬಾಯಿ ಮುಚ್ಚಿದೆ. ಸೊಸೆ ಎದ್ದು ಅಡುಗೆಮನೆಗೆ ಹೋದಳು. ನಾನು ಮೂರನೆಯ ಪುಸ್ತಕದ ಕೊನೆಯ ಪುಟ ತೆಗೆದು, ಕೌದಿಯನ್ನು ಮಡಿಲಲ್ಲಿಟ್ಟುಕೊಂಡು, ಎಂದಿನಂತೆ ಗಟ್ಟಿಯಾಗಿ ಓದಿದೆ. ಮೆಟ್ಟಿಲು ಬಂತು, ಮಂಡಿ ನೋವು ಬಂತು, ಮುಗಿಯಿತು. ಕನ್ನಡಕ ತೆಗೆದು ಕಾದೆ. ಯಾರೂ ಕೇಳಲಿಲ್ಲ.

"ನಾನು ಉಂಡೆ, ಅಕ್ಕ" ಎಂದೆ.

"ಏನಂದ್ರಿ ಸಣ್ಣತ್ತಿ?" ಒಳಗಿನಿಂದ ಸೊಸೆ ಕೇಳಿದಳು.

"ಏನಿಲ್ಲವ್ವ. ಹಸಿವಾಗೈತಿ, ಊಟಕ್ಕ ನೀಡು."