ಆರು ಮೊಳೆಯ ಲೈಸೆನ್ಸ್

ನಮ್ಮ ಮುಲೆಟ್ ಕ್ರೀಕ್ ಊರಿನಲ್ಲಿ ಡೆಲ್ಬರ್ಟ್ ಸ್ಟ್ರಿಕ್ಲಂಡ್‌ನ ಮಾತನ್ನು ಅಕ್ಷರಕ್ಕೆ ಅಕ್ಷರ ನಂಬುತ್ತಿದ್ದವರು ಒಬ್ಬರೇ, ಅವನ ತಾಯಿ ಮಿಸ್ ಯೂಲಾ; ನಮ್ಮ ಕಡೆ ಮದುವೆಯಾದ ಹಿರಿಯ ಹೆಂಗಸರೂ ಮಿಸ್ಸೇ. ಉಳಿದ ನಾವೆಲ್ಲ ಅರ್ಧ ನಂಬಿ, ಇನ್ನರ್ಧವನ್ನು ನಗುವುದಕ್ಕೆ ಇಟ್ಟುಕೊಳ್ಳುತ್ತಿದ್ದೆವು. ಡೆಲ್ ಮನೆಗಳಿಗೆ ಸೂರು ಹಾಕುವವನು. ಸರಿಯಾಗಿ ಹೇಳಬೇಕೆಂದರೆ ಜನರ ವರಾಂಡದಲ್ಲಿ ನಿಂತು ಸೂರಿನ ವಿಷಯ ಮಾತಾಡುವವನು. ಮಾತು ಮುಗಿದ ಮೇಲೆ ಹೊತ್ತು ಉಳಿದಿದ್ದರೆ ಹಾಕುತ್ತಲೂ ಇದ್ದ.

ಆ ಮಾತೋ, ಊರಿಗೆಲ್ಲ ಬಾಯಿಪಾಠವಾಗಿತ್ತು. "ನೋಡಿ ಮೇಡಂ, ನಿಮ್ಮದು ಕಡಲ ದಂಡೆ ಮನೆ. ಒಂದೊಂದು ಹೆಂಚಿಗೆ ಆರಾರು ಮೊಳೆ ಹೊಡೀತೀನಿ, ಬೇರೆಯವರ ಹಾಗೆ ನಾಲ್ಕಲ್ಲ. ಕೊಳೆತ ಹಲಗೆ ಕಂಡ್ರೆ ಕಿತ್ತು ಹೊಸದು. ಚಿಮಣಿ ಬುಡಕ್ಕೆ ಹೊಸ ತಗಡು. ಹಳೇ ತಗಡು ನಾನು ಮುಟ್ಟೋನೇ ಅಲ್ಲ." ಇದರಲ್ಲಿ ಕೊನೆಯ ಮಾತು ಮಾತ್ರ ಸತ್ಯ. ಹಳೆಯ ತಗಡನ್ನು ಅವನು ನಿಜಕ್ಕೂ ಮುಟ್ಟುತ್ತಿರಲಿಲ್ಲ. ಅದು ಇದ್ದಲ್ಲೇ ಇರುತ್ತಿತ್ತು.

ನಮ್ಮ ಕಡೆ ಹೆಂಚೆಂದರೆ ಮಣ್ಣಿನದಲ್ಲ, ಡಾಂಬರು ಮೆತ್ತಿದ ದಪ್ಪ ಹಾಳೆ. ಮೊಳೆ ಗಟ್ಟಿಯಿದ್ದರೆ ಸೂರು, ಇಲ್ಲದಿದ್ದರೆ ಇಸ್ಪೀಟಿನ ಎಲೆ. ಫ್ಲೋರಿಡಾದ ಈ ಮೂಲೆಗೆ ಎರಡು ಮೂರು ವರ್ಷಕ್ಕೊಮ್ಮೆ ಬಿರುಗಾಳಿ ನೆಂಟರ ಹಾಗೆ ಬಂದೇ ಬರುತ್ತದೆ, ಬಂದಾಗ ಮೊಳೆಗಳನ್ನು ಎಣಿಸಿಯೇ ಹೋಗುತ್ತದೆ.

ನನ್ನ ಗಂಡ ಎಮೆಟ್ಟನದೂ ಅದೇ ಕಸುಬು. ಅವನ ರೋಗ ಬೇರೆ. ಆರು ಸಾಕೆಂದು ದೇವರೇ ಇಳಿದು ಬಂದು ಹೇಳಿದರೂ ಅವನು ಎಂಟು ಹೊಡೆಯುವವನು. ಯಾಕೆ ಎಂದು ಕೇಳಿದರೆ "ನನಗೆ ನಂಬಿಕೆ ಬರಲ್ಲ" ಎನ್ನುತ್ತಾನೆ. ಯಾರ ಮೇಲೆ ಎಂದು ಕೇಳಿದರೆ ಇನ್ನೊಂದು ಮೊಳೆ ಹೊಡೆಯುತ್ತಾನೆ. ಡೆಲ್ ವಾರದಲ್ಲಿ ಮುಗಿಸುವ ಕೆಲಸಕ್ಕೆ ಇವನಿಗೆ ತಿಂಗಳು ಬೇಕು. ಮನೆಯವರು ಟಾರ್ಪಾಲಿನ ಕೆಳಗೆ ಕೂತು ಇವನಿಗೆ ಹಿಡಿ ಶಾಪ ಹಾಕುತ್ತಿದ್ದರು. ಬಾಯಿ ಇದ್ದವನು ಬರದಲ್ಲೂ ಬದುಕಿದ ಎನ್ನುತ್ತಾರೆ. ನಾನು ಕಟ್ಟಿಕೊಂಡವನಿಗೆ ಬಾಯಿಯೇ ಇರಲಿಲ್ಲ.

ನಮ್ಮಲ್ಲಿ ಸರ್ಕಾರದ ಲೈಸೆನ್ಸ್ ಇಲ್ಲದೆ ಸೂರು ಹಾಕುವಂತಿಲ್ಲ, ಹಾಗಾಗಿ ಇಬ್ಬರೂ ಮುದುಕ ಹಾಬ್ಸ್‌ನ ಲೈಸೆನ್ಸಿನ ನೆರಳಲ್ಲಿ ದುಡಿಯುತ್ತಿದ್ದರು. ಆ ಹಾಬ್ಸ್ ಏಣಿ ಹತ್ತಿದ್ದನ್ನು ನೋಡಿದವರು ಯಾರೂ ಈಗ ಬದುಕಿಲ್ಲ. ಆದರೂ ಊರಿನ ಅರ್ಧ ಸೂರುಗಳು ಸರ್ಕಾರದ ಕಾಗದದಲ್ಲಿ ಅವನವೇ. ಒಂದು ಭಾನುವಾರ ಅವನು ಕುರ್ಚಿಯಲ್ಲಿ ಕೂತಲ್ಲೇ ಹೋಗಿಬಿಟ್ಟ. ಲೈಸೆನ್ಸೂ ಅವನೊಂದಿಗೇ ಹೋಯಿತು. ಮಣ್ಣು ಮುಗಿಸಿ ಬಂದು ಚರ್ಚಿನ ಹಿಂದೆ ಕರಿದ ಮೀನು ತಿನ್ನುತ್ತಿದ್ದಾಗಲೇ ಡೆಲ್ ಘೋಷಿಸಿದ, "ಇನ್ನು ನಾನೇ ಲೈಸೆನ್ಸ್ ತಗೋತೀನಿ." ಮಿಸ್ ಯೂಲಾಗೆ ಕಣ್ಣಲ್ಲಿ ನೀರು ಬಂತು. ಡೆಲ್‌ನ ಅಪ್ಪ ಸಾಯುವವರೆಗೂ ಮಗನನ್ನು 'ಕೈಲಾಗದವನು' ಎಂದೇ ಕರೆದಿದ್ದ. ಆ ಮಾತು ಸುಳ್ಳೆಂದು ಊರಿಗೆ ತೋರಿಸುವ ಆಸೆ ಮಗನಿಗಿಂತ ತಾಯಿಗೇ ಹೆಚ್ಚು.

ಎಮೆಟ್‌ಗೂ ಲೈಸೆನ್ಸಿನ ಪರೀಕ್ಷೆ ಕಟ್ಟಿಸಿದವಳು ನಾನೇ. ಅದು ಪುಸ್ತಕ ನೋಡಿಕೊಂಡೇ ಬರೆಯುವ ಪರೀಕ್ಷೆ. ಪುಸ್ತಕವೆಂದರೆ ಒಂದಲ್ಲ, ಗಾಲಿಪೆಟ್ಟಿಗೆ ತುಂಬಾ. ಅಡುಗೆಮನೆಯ ಮೇಜಿನ ಮೇಲೆ ಹರಡಿಕೊಂಡು ಯಾವ ಪುಟದಲ್ಲಿ ಏನಿದೆಯೆಂದು ಬಣ್ಣಬಣ್ಣದ ಚೀಟಿ ಅಂಟಿಸಿದೆ. ಬೇಸಿಗೆಯೆಲ್ಲ ನಮ್ಮ ಮನೆಯಲ್ಲಿ ಮೀನಿನ ವಾಸನೆಗಿಂತ ಗೋಂದಿನ ವಾಸನೆ ಜಾಸ್ತಿ. ಡೆಲ್ ತನ್ನ ಪುಸ್ತಕಗಳ ಮೇಲಿನ ಪ್ಲಾಸ್ಟಿಕ್ಕನ್ನೂ ಹರಿಯಲಿಲ್ಲ.

ಪರೀಕ್ಷೆಯ ದಿನ ಇಬ್ಬರನ್ನೂ ನಾನೇ ನಮ್ಮ ಕಾರಿನಲ್ಲಿ ರಾಜಧಾನಿ ಟಲಹಸ್ಸಿಗೆ ಕರೆದೊಯ್ದೆ. ಅವರು ಒಳಗೆ ಹೋದರು, ನಾನು ಹೊರಗೆ ಬೇಯಿಸಿದ ಕಡಲೆಕಾಯಿ ಸುಲಿಯುತ್ತಾ ಕೂತೆ. ಕಡಲೆಕಾಯಿ ಪೊಟ್ಟಣ ಅರ್ಧವೂ ಆಗಿರಲಿಲ್ಲ, ಡೆಲ್ ಸಿಳ್ಳೆ ಹಾಕುತ್ತಾ ಹೊರಬಂದ.

"ಇಷ್ಟು ಬೇಗ ಓಡಿಸಿಬಿಟ್ರಾ?" ಎಂದೆ.

"ಓಡಿಸೋದಾ? ಓಪಲ್, ಅದು ಪರೀಕ್ಷೆಯೇ ಅಲ್ಲ ಕಣೇ! ಇಷ್ಟು ವರ್ಷ ಜನರ ವರಾಂಡದಲ್ಲಿ ನಿಂತು ಏನು ಹೇಳ್ಕೊಂಡು ಬಂದಿದೀನೋ, ಅದನ್ನೇ ಕೇಳಿದಾರೆ. ಕಡಲ ದಂಡೆಯಲ್ಲಿ ಹೆಂಚಿಗೆ ಎಷ್ಟು ಮೊಳೆ? ಆರು. ಕೊಳೆತ ಹಲಗೆ ಕಂಡ್ರೆ? ಕಿತ್ತು ಹೊಸದು. ಚಿಮಣಿಗೆ? ಹೊಸ ತಗಡು. ಪುಸ್ತಕ ಯಾಕೆ ಬೇಕು?"

"ನೀನು ಹೇಳಿದ್ದನ್ನ ಕೇಳಿದ್ರು, ಸರಿ. ಮಾಡಿದ್ದನ್ನ ಕೇಳ್ಲಿಲ್ವಾ?"

"ಮಾಡಿದ್ದನ್ನ ಕೇಳೋಕೆ ಅವರಿಗೇನು ತಲೆ ಕೆಟ್ಟಿದೆಯಾ?" ಎಂದು ನನ್ನ ಕಡಲೆಕಾಯಿಗೇ ಕೈ ಹಾಕಿದ.

ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂಬ ಗಾದೆ ಮಾಡಿದವರಿಗೆ ಒಂದು ವಿಷಯ ಗೊತ್ತಿರಲಿಲ್ಲ. ಶಾಸ್ತ್ರ ಹೇಳಿದ್ದಕ್ಕೇ ಸರ್ಕಾರ ಮುದ್ರೆ ಒತ್ತಿ ಕಾಗದ ಕೊಡುತ್ತದೆ. ಬದನೆಕಾಯಿಯ ಲೆಕ್ಕ ಯಾರೂ ಇಡುವುದಿಲ್ಲ.

ಎಮೆಟ್ ಎಲ್ಲರಿಗಿಂತ ಕೊನೆಗೆ ಬಂದ. ಮುಖ ನೋಡಿದರೇ ಗೊತ್ತಾಯಿತು. "ಏನಾಯ್ತು?" ಎಂದೆ.

"ಮೊಳೆ ಪ್ರಶ್ನೆಗೆ ನಾಲ್ಕು, ಐದು, ಆರು, ಏಳು ಅಂತ ಕೊಟ್ಟಿದಾರೆ. ಎಂಟು ಅನ್ನೋದೇ ಇಲ್ಲ."

"ಡೆಲ್ ಹಾಗೆ ಆರು ಅಂತ ಗುರುತು ಹಾಕಿ ಮುಂದೆ ಹೋಗೋದು ತಾನೇ?"

"ನಾನು ಆರು ಹೊಡೆಯಲ್ವಲ್ಲ."

"ನೀನು ಎಷ್ಟು ಹೊಡೀತೀಯ ಅಂತ ಯಾರು ಕೇಳಿದ್ರು ಮಾರಾಯ! ಪುಸ್ತಕದಲ್ಲಿ ಎಷ್ಟಿದೆ ಅಂತ ಕೇಳಿದ್ದು. ನಾನು ಹಸಿರು ಚೀಟಿ ಅಂಟಿಸಿದ್ದೆ!"

"ಪುಸ್ತಕ ತಪ್ಪು" ಎಂದ. ಆ ಒಂದು ಪ್ರಶ್ನೆಯೊಂದಿಗೆ ಜಗಳವಾಡುತ್ತಾ ಕೂತು ಉಳಿದವನ್ನು ಮುಟ್ಟುವಷ್ಟರಲ್ಲಿ ಗಂಟೆ ಹೊಡೆದಿತ್ತು. ಮತ್ತೊಮ್ಮೆ ಬರೆ ಎಂದು ಕೈಮುಗಿದೆ. ಪುಸ್ತಕ ತಿದ್ದಲಿ, ಆಮೇಲೆ ನೋಡೋಣ ಎಂದ. ಇಂಥವನ ಜೊತೆ ಸಂಸಾರ ಮಾಡಿದ್ದಕ್ಕೆ ನನಗೇ ಒಂದು ಲೈಸೆನ್ಸ್ ಕೊಡಬೇಕು.

ಅಲ್ಲಿಗೆ ಡೆಲ್ ಲೈಸೆನ್ಸ್ ಪಡೆದ ಕಂಟ್ರಾಕ್ಟರಾದ, ನನ್ನ ಗಂಡ ಅವನ ಲೈಸೆನ್ಸಿನ ಕೆಳಗಿನ ಕೂಲಿಯವನಾದ. ಲೈಸೆನ್ಸಿನ ನಂಬರನ್ನು ಗಾಡಿಯ ಮೇಲೆ ಬರೆಸಬೇಕೆಂದು ಕಾನೂನೇ ಇದೆ. ಡೆಲ್ ಅದನ್ನು ಪಿಕಪ್ಪಿನ ನಾಲ್ಕೂ ಕಡೆ ಬರೆಸಿದ, ಜೊತೆಗೆ ರೆಕ್ಕೆ ಬಿಚ್ಚಿದ ಹದ್ದು. ಆ ಹದ್ದು ನೋಡಲು ಕೋಳಿಯಂತೆ ಇತ್ತು, ನಾನು ಹೇಳಲಿಲ್ಲ. ಮಿಸ್ ಯೂಲಾ ಚರ್ಚಿನಲ್ಲಿ ಸಿಕ್ಕಸಿಕ್ಕವರ ತೋಳು ಹಿಡಿದು, "ನನ್ನ ಮಗನನ್ನ ಸರ್ಕಾರವೇ ಒಪ್ಪಿದೆ" ಎನ್ನುತ್ತಿದ್ದರು. ಆ ಮುಖದಲ್ಲಿದ್ದ ಸಂತೋಷ ನೋಡಿದರೆ ನನ್ನಂಥ ಕಟು ನಾಲಗೆಯವಳಿಗೂ ಏನೂ ಹೇಳಲು ಮನಸ್ಸಾಗುತ್ತಿರಲಿಲ್ಲ.

ಲೈಸೆನ್ಸ್ ಬಂದ ಮೇಲೆ ಡೆಲ್ ಹಾಕಿದ ಮೊದಲ ಸೂರು ತಾಯಿಯದು. ಎಮೆಟ್ ಬರುತ್ತೇನೆಂದರೂ ಬೇಡವೆಂದ. "ನಮ್ಮಮ್ಮನ ಮನೆ ನಾನೇ ಮಾಡ್ತೀನಿ. ಆರಾರು ಮೊಳೆ ಅಮ್ಮ, ನಿನಗೆ ಅಂತಲೇ." ಮಿಸ್ ಯೂಲಾ ದಿನಾ ತಂಪಾದ ಸಿಹಿ ಚಹಾ ಮಾಡಿ ಏಣಿಯ ಕೆಳಗೆ ಇಟ್ಟು ಕಾಯುತ್ತಿದ್ದರು. ಆ ವಾರವೇ ಊರ ಹಳ್ಳಕ್ಕೆ ಮೀನಿನ ಹಿಂಡು ಬಂತು, ಡೆಲ್‌ನ ಮನಸ್ಸು ಗಾಳದ ಕಡೆ ಹೋಯಿತು. ಕೆಲಸ ಬೇಗ ಮುಗಿಯಿತು.

ಮರುವರ್ಷ ಬೇಸಿಗೆಯ ಕೊನೆಗೆ ಕೊಲ್ಲಿಯಲ್ಲಿ ಬಿರುಗಾಳಿ ಎದ್ದಿತು. ನೇರ ನಮ್ಮ ಕಡೆಗೇ ಬರುತ್ತಿದೆಯೆಂದು ಟೀವಿಯಲ್ಲಿ ಬೆಳಗಿಂದ ಬಡಿದುಕೊಂಡರು. ಪೊಲೀಸರು ಮೈಕ್ ಹಿಡಿದು ಬೀದಿ ಬೀದಿ ಸುತ್ತಿ, ಊರು ಬಿಟ್ಟು ಹೋಗಿ ಎಂದು ಬೇಡಿಕೊಂಡರು. ನಮ್ಮ ಬೀದಿಯಲ್ಲಿ ಒಬ್ಬರೂ ಕದಲಲಿಲ್ಲ. ಎಲ್ಲರ ಮನೆಗೂ ಲೈಸೆನ್ಸಿನವನು ಹಾಕಿದ ಹೊಸ ಸೂರು. ಹೋಗುವುದಾದರೂ ಯಾಕೆ?

ಮಧ್ಯಾಹ್ನ ಡೆಲ್ ತಾಯಿಯ ಮನೆಗೆ ಓಡಿಬಂದ. ನಾನು ಅಲ್ಲೇ ಇದ್ದೆ, ಮೇಣದಬತ್ತಿ ಕೊಡಲು ಹೋಗಿದ್ದೆ. ಮಿಸ್ ಯೂಲಾ ಒಲೆಯ ಮುಂದಿದ್ದರು.

"ಅಮ್ಮ, ಬಟ್ಟೆ ತುಂಬ್ಕೋ. ಹೋಗೋಣ ನಡಿ."

"ಎಲ್ಲಿಗೋ? ಯಾವುದೋ ಶಾಲೆ ನೆಲದ ಮೇಲೆ ಮಲಗೋಕಾ? ನನ್ನ ಸೂರಿಗೇನಾಗಿದೆ?"

"ಸೂರಿಗೇನೂ ಆಗಿಲ್ಲ..."

"ಆರು ಮೊಳೆ ಇದೆಯಲ್ಲ?"

"ಇದೆ ಅಮ್ಮ, ಇದೆ. ಆದ್ರೂ..."

"ಆದ್ರೂ ಏನು? ಪಾದ್ರಿಗೇ ಹೇಳಿದೀನಿ, ಎಂಥ ಗಾಳಿ ಬಂದ್ರೂ ನನ್ನ ಮಗನ ಸೂರಿನ ಕೆಳಗೇ ಇರ್ತೀನಿ ಅಂತ. ಈಗ ನಾನೇ ಓಡಿಹೋದ್ರೆ ಜನ ನಿನ್ನ ಲೈಸೆನ್ಸ್ ಬಗ್ಗೆ ಏನಂದ್ಕೊಳಲ್ಲ?"

ಡೆಲ್ ನನ್ನ ಮುಖ ನೋಡಿದ. ನಾನು ಮೇಣದಬತ್ತಿ ನೋಡಿದೆ. ಅವನ ಮುಖ ಬಿಳಚಿತ್ತು. ಆಗಲೇ ನನಗೆ ಅರ್ಥವಾಯಿತು. ಹೊರಗಿನವರಿಗೊಂದು, ಹೆತ್ತವಳಿಗೊಂದು ಎಂಬ ಭೇದಭಾವ ಅವನಲ್ಲಿ ಇರಲೇ ಇಲ್ಲ.

ಸ್ವಲ್ಪ ಹೊತ್ತಿಗೆ ಸೂರಿನ ಮೇಲೆ ಮೊಳೆ ಹೊಡೆಯುವ ಗನ್ನಿನ ಸದ್ದು ಶುರುವಾಯಿತು. ಹೊರಗೆ ಬಂದರೆ ಡೆಲ್ ಗಾಳಿಗೆ ಅಂಗಿ ಉಬ್ಬಿಸಿಕೊಂಡು ಮೇಲೆ ಮಂಡಿಯೂರಿದ್ದಾನೆ. ಎಮೆಟ್ ಓಡಿಬಂದು ಏಣಿ ಹಿಡಿದ.

"ಲೋ ಡೆಲ್, ಹೆಂಚಿನ ಮೇಲಿಂದಲೇ ಹೊಡೀತಿದೀಯಲ್ಲ, ಸೋರತ್ತೆ ಕಣೋ!"

"ಹಾರೋದಕ್ಕಿಂತ ಸೋರೋದು ವಾಸಿ!" ಎಂದು ಮೇಲಿಂದ ಕೂಗಿದ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಕತೆ ಕೇಳಿದ್ದೆ. ಹೆಗಲಿಗೆ ಮೊಳೆ ಹೊಡೆದುಕೊಂಡವನನ್ನು ಅವತ್ತೇ ಕಂಡದ್ದು. ಅಕ್ಕಪಕ್ಕದವರು ಒಬ್ಬೊಬ್ಬರೇ ಬಂದು ಅಂಗಳದಲ್ಲಿ ನಿಂತರು. ಮಿಸ್ ಯೂಲಾ ಕೈ ಒರೆಸಿಕೊಳ್ಳುತ್ತಾ ಬಂದರು.

"ಏನೋ ಮಾಡ್ತಿದೀಯಾ ಅಲ್ಲಿ?"

"ಸ್ವಲ್ಪ ಭದ್ರ ಮಾಡ್ತಿದೀನಿ ಅಮ್ಮ. ಎರಡೆರಡು ಮೊಳೆ, ಅಷ್ಟೇ."

"ಎರಡೆರಡಾ?" ಮಿಸ್ ಯೂಲಾ ತಲೆಯೆತ್ತಿಯೇ ನಿಂತರು. "ಆರಕ್ಕೆ ಎರಡು ಸೇರಿದ್ರೆ ಎಂಟು. ಎಂಟು ಹೊಡೆಯೋ ಹುಚ್ಚು ಎಮೆಟ್‌ಗಲ್ವಾ ಇರೋದು? ನಿನಗ್ಯಾವಾಗ ಹಿಡೀತೋ?"

ಗನ್ ನಿಂತಿತು. ಯಾವ ವರಾಂಡದಲ್ಲೂ ಮಾತಿಗೆ ತಡವರಿಸದವನು ಕೈಯಲ್ಲಿದ್ದ ಗನ್ನನ್ನೇ ತಿರುಗಿಸಿ ತಿರುಗಿಸಿ ನೋಡತೊಡಗಿದ.

"ಡೆಲ್ಬರ್ಟ್, ನಿನ್ನನ್ನೇ ಕೇಳಿದ್ದು."

"ನಾಲ್ಕಿದೆ ಅಮ್ಮ" ಎಂದ. ಅವನ ಬಾಯಿಂದ ಅಷ್ಟು ಸಣ್ಣ ದನಿ ನಾನು ಕೇಳಿರಲಿಲ್ಲ.

ಅಂಗಳದಲ್ಲಿ ಯಾರೂ ನಗಲಿಲ್ಲ. ಎದುರು ಮನೆಯ ಹೊಯ್ಟ್ ಮೆಲ್ಲಗೆ ನನ್ನ ಗಂಡನ ಪಕ್ಕಕ್ಕೆ ಸರಿದ. "ಎಮೆಟ್, ನಮ್ಮನೇದು ಯಾರು ಮಾಡಿದ್ದು? ನೀನೋ, ಅವನೋ?"

"ಬಡಗಣ ಮಗ್ಗುಲು ನಂದು" ಎಂದ ಎಮೆಟ್.

"ತೆಂಕಣದ್ದು?"

ಎಮೆಟ್ ಸೂರಿನ ಮೇಲಿದ್ದವನನ್ನು ನೋಡಿದ. ಹೊಯ್ಟ್ ಹೆಂಡತಿಯನ್ನು ಕೂಗುತ್ತಾ ಓಡಿದ. ಅವನ ಹಿಂದೆ ಉಳಿದವರೂ ಓಡಿದರು. ಬೆಳಗಿಂದ ಮೈಕಿನಲ್ಲಿ ಬೇಡಿಕೊಂಡ ಪೊಲೀಸರಿಂದ ಆಗದ್ದು ಡೆಲ್ ಏಣಿ ಹತ್ತಿದ್ದರಿಂದ ಆಯಿತು. ನಾಯಿ, ಮಕ್ಕಳು, ಹಾಸಿಗೆ ಎಲ್ಲ ಕಾರುಗಳಿಗೆ ಏರಿದವು, ಇಡೀ ಬೀದಿ ಖಾಲಿಯಾಯಿತು. ಸರ್ಕಾರ ಅವನಿಗೆ ಲೈಸೆನ್ಸ್ ಕೊಟ್ಟದ್ದಕ್ಕೆ ಅದೊಂದೇ ಸಾರ್ಥಕ.

ಡೆಲ್ ಇಳಿದುಬಂದು ಪಿಕಪ್ಪಿನ ಬಾಗಿಲು ತೆರೆದು ಹಿಡಿದ. ಮಿಸ್ ಯೂಲಾ ಚೀಲ ಹಿಡಿದು ಹೊರಬಂದವರು ಅವನ ಮುಂದೆಯೇ ಹಾದು ನಮ್ಮ ಕಾರಿನ ಹಿಂದಿನ ಸೀಟಿನಲ್ಲಿ ಕೂತರು.

"ಅಮ್ಮ, ಇಲ್ಲಿ..."

"ನಿನ್ನ ಗಾಡಿ ಚಕ್ರಕ್ಕೆ ಎಷ್ಟು ನಟ್ಟು ಹಾಕಿದೀಯೋ ನನಗೇನು ಗೊತ್ತು? ಎಮೆಟ್, ನಡಿಯಪ್ಪ."

ಸೇತುವೆ ದಾಟಿದೆವು. ನಮ್ಮ ಹಿಂದೆಯೇ ಪಿಕಪ್ ಬರುತ್ತಿತ್ತು. ನನ್ನೊಳಗೆ ಇಷ್ಟು ದಿನದಿಂದ ಕೂಡಿಟ್ಟಿದ್ದ ಬೈಗುಳವೆಲ್ಲ ನಾಲಗೆ ತುದಿಯಲ್ಲಿತ್ತು, ಆದರೆ ಕನ್ನಡಿಯಲ್ಲಿ ಆ ಮುದುಕಿಯ ಮುಖ ಕಂಡು ನುಂಗಿಕೊಂಡೆ.

"ಗೊತ್ತಿಲ್ಲದೆ ಮಾಡಿರ್ತಾನೆ" ಎಂದರು ಮಿಸ್ ಯೂಲಾ, ಯಾರಿಗೂ ಅಲ್ಲದ ಹಾಗೆ. "ಅವನಿಗೆ ಚಿಕ್ಕಂದಿನಿಂದಲೂ ಲೆಕ್ಕ ಬರ್ತಿರ್ಲಿಲ್ಲ." ಆಮೇಲೆ ಮುಂದಕ್ಕೆ ಬಾಗಿ ನನ್ನ ಗಂಡನ ಹೆಗಲು ಮುಟ್ಟಿದರು. "ಎಮೆಟ್, ನೀನು ಸುಳ್ಳು ಹೇಳೋನಲ್ಲ. ಆ ಪರೀಕ್ಷೆಯಲ್ಲಿ ಈ ಮೊಳೆ ವಿಷಯ ಕೇಳಿದ್ರಾ?"

ನಾನು ಎಮೆಟ್‌ನ ತೊಡೆ ಚಿವುಟಿದೆ. ಒಂದು ಸಲವಾದರೂ ಇದ್ದದ್ದನ್ನು ಬಿಟ್ಟು ಬೇರೆ ಹೇಳು ಮಹರಾಯ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

"ಕೇಳಿದ್ರು ಮಿಸ್ ಯೂಲಾ."

"ಅವನೇನು ಬರೆದ?"

"ಆರು."

ಮಿಸ್ ಯೂಲಾ ಹಿಂದಕ್ಕೆ ಒರಗಿದರು. "ಹಾಗಾದ್ರೆ ಗೊತ್ತಿತ್ತು" ಎಂದರು.